ತಣ್ಣೀರಿನ ಕಲೆ

ಹದಿನೆಂಟು ವರ್ಷದಲ್ಲಿ ಅವಳು ಒಂದೇ ಒಂದು ಕಲೆಯನ್ನು ತಪ್ಪಾಗಿ ಓದಿದಳು. ಅದು ಅವಳ ಗಂಡನ ಪ್ಯಾಂಟಿನ ಮೇಲಿತ್ತು. ಕತೆಯೆಲ್ಲ ಅದರ ಸುತ್ತಲೇ ಇರುವುದರಿಂದ ಮೊದಲೇ ಹೇಳಿಬಿಟ್ಟರೆ ಒಳ್ಳೆಯದು.

ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಕಿಟಕಿಗೆ ಆತುಕೊಂಡ ಕಲ್ಲಿನ ಮೇಜು ಅವಳದು. ಮೇಲೆ ಎಂಟು ಬಾಟಲಿ, ಮೂರು ಬ್ರಷ್ಷು, ಒಂದು ತಣ್ಣೀರಿನ ನಲ್ಲಿ. ಒಗೆಯುವ ಮೆಷಿನ್ನಿಗೆ ಹೋಗುವ ಮೊದಲು ಕಲೆಯಾದ ಬಟ್ಟೆಗಳೆಲ್ಲ ಅವಳ ಕೈ ದಾಟಿಯೇ ಹೋಗಬೇಕು. ಇಂಕೋ ಎಣ್ಣೆಯೋ ತುಕ್ಕೋ ಬೆವರೋ, ಬಟ್ಟೆಯನ್ನು ಬೆಳಕಿಗೆ ಹಿಡಿದು ಹೇಳಿಬಿಡುತ್ತಿದ್ದಳು. ಗಿರಾಕಿಗಳು ಅವಳನ್ನು ಕಲೆಯಕ್ಕ ಎಂದೇ ಕರೆಯುತ್ತಿದ್ದರು. ಕೆಲಸ ಕಲಿಸಿದ ಹಳೆಯ ಯಜಮಾನ ಅವಳಿಗೆ ಹೇಳಿಕೊಟ್ಟದ್ದು ಎರಡೇ ಮಾತು. ಒಂದು, ಬಟ್ಟೆ ತಂದವರನ್ನು ಕೇಳು, ಏನು ಕಲೆ, ಯಾವಾಗ ಆಯ್ತು ಅಂತ. ಎರಡು, ಗೊತ್ತಿಲ್ಲದ ಕಲೆಗೆ ಮೊದಲು ತಣ್ಣೀರು. ತಣ್ಣೀರು ಯಾವ ಬಟ್ಟೆಗೂ ಕೇಡು ಮಾಡುವುದಿಲ್ಲ. ಉಳಿದದ್ದೆಲ್ಲ ಆಮೇಲೆ.

ಕೈಯೇನೋ ಚಿನ್ನದಂಥದು. ಆದರೆ ಹೊಟ್ಟೆಯಲ್ಲಿದ್ದ ಕಿಚ್ಚು ಹುಟ್ಟಿನಿಂದಲೇ ಬಂದದ್ದು. ಸಣ್ಣವಳಿದ್ದಾಗ ಅಕ್ಕನ ಜಡೆ ತನ್ನದಕ್ಕಿಂತ ಉದ್ದವಾಯಿತೆಂದು ಕತ್ತರಿ ಹಿಡಿದವಳು ಇವಳು. ಇಂಥವಳು ಮದುವೆಯಾದದ್ದು ಎಂಥವನನ್ನು ಅಂತೀರಿ? ಲೈಟಿನವನನ್ನು! ಸಮಾರಂಭಗಳಿಗೆ, ನಾಟಕಗಳಿಗೆ, ಕುಣಿತದ ಪಾರ್ಟಿಗಳಿಗೆ ಬಣ್ಣದ ದೀಪ ಬಿಡುವುದು ಅವನ ಕಸುಬು. ವೇದಿಕೆಯ ಮೇಲೆ ಯಾವ ಹೆಂಗಸು ನಿಂತರೂ ಅವಳ ಮುಖಕ್ಕೆ ಬೆಳಕು ಹಿಡಿಯುವವನು ಇವನೇ. "ದಿನಾ ನೂರು ಹೆಂಗಸರ ಮುಖ ಬೆಳಗಿಸ್ತೀರಿ, ಮನೇಲಿ ಬಲ್ಬು ಹೋಗಿ ವಾರ ಆಯ್ತು" ಎಂದು ಅವಳು ಚುಚ್ಚಿದರೆ ಅವನು ನಗುತ್ತಿದ್ದ. ಹನ್ನೊಂದು ವರ್ಷ ಹೀಗೇ ಕಚ್ಚಾಡುತ್ತಾ ಚೆನ್ನಾಗಿಯೇ ಇದ್ದರು. ರಾತ್ರಿ ಜಗಳ ಮುಗಿಯುತ್ತಿದ್ದುದು ಒಂದೇ ಹೊದಿಕೆಯ ಕೆಳಗೆ.

ಹೊದಿಕೆ ಎರಡಾಗಿ ಎಂಟು ತಿಂಗಳಾಗಿತ್ತು.

ಮೊದಲು ಅವನು ಸುಸ್ತು ಎಂದ. ಆಮೇಲೆ ಬೆನ್ನುನೋವು ಎಂದ. ಆಮೇಲೆ ಏನೂ ಅನ್ನದೆ ಗೋಡೆಯ ಕಡೆ ತಿರುಗಿ ಮಲಗಿದ. ಒಂದು ಸಲ ಅವಳೇ ಮುಂದಾಗಿ ಹತ್ತಿರ ಸರಿದಳು. ಅವನೂ ಮನಸ್ಸು ಮಾಡಿದ. ಆದರೆ ಮೈ ಅವನ ಮಾತು ಕೇಳಲಿಲ್ಲ. ಅವನು ಎದ್ದು ಬಚ್ಚಲಿಗೆ ಹೋದವನು ಅರ್ಧ ಗಂಟೆ ಹೊರಗೆ ಬರಲಿಲ್ಲ. ನಲ್ಲಿ ಮಾತ್ರ ಧಾರಾಕಾರ ಸುರಿಯುತ್ತಿತ್ತು. ಬೇರೆ ಹೆಂಡತಿಯಾಗಿದ್ದರೆ ಅವನಿಗೇನಾಯಿತೋ ಎಂದು ಹೆದರುತ್ತಿದ್ದಳು. ಇವಳು ಯೋಚಿಸಿದ್ದು ಒಂದೇ: ಹೊರಗೆ ಹೊಟ್ಟೆ ತುಂಬಿದವನಿಗೆ ಮನೆಯಲ್ಲಿ ಹಸಿವೆಲ್ಲಿಂದ ಬರಬೇಕು?

ಆಮೇಲೆ ಅವಳ ಕಣ್ಣಿಗೆ ಬಿದ್ದದ್ದೆಲ್ಲ ಸಾಕ್ಷಿಯೇ. ಕಾಲು ಗಂಟೆಗೊಮ್ಮೆ ಫೋನು ಹಿಡಿದು ಬಚ್ಚಲಿಗೆ ಓಡುತ್ತಿದ್ದ. ಆ ಇನ್ನೊಬ್ಬಳಿಗೆ ಗುಟ್ಟಾಗಿ ಮೆಸೇಜು ಮಾಡೋಕೆ! ಯಾವತ್ತೂ ಸೆಂಟು ಹಾಕದವನು ಈಗ ಹೊರಡುವಾಗಲೂ ಹಾಕುತ್ತಿದ್ದ, ಬಂದ ಮೇಲೂ ಹಾಕುತ್ತಿದ್ದ. ಅವಳ ವಾಸನೆ ಮುಚ್ಚೋಕೆ! ಸಿನಿಮಾಕ್ಕೆ ಕರೆದರೆ ಬರಲೊಲ್ಲ, ಬಸ್ಸಿನಲ್ಲಿ ದೂರ ಹೋಗಲೊಲ್ಲ. ನನ್ನ ಜೊತೆ ನಾಲ್ಕು ಜನರ ಕಣ್ಣಿಗೆ ಬಿದ್ದರೆ ಆ ಮಹಾರಾಣಿಗೆ ಸಿಟ್ಟು ಬರುತ್ತೆ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಆ ಗಾದೆ ಹುಟ್ಟಿದ್ದೇ ಇವಳನ್ನು ನೋಡಿ ಇರಬೇಕು.

ಅಷ್ಟರಲ್ಲಿ ಹಳದಿಯೂ ಸಿಕ್ಕಿತು. ಒಂದು ದಿನ ಅವನ ಕಪ್ಪು ಪ್ಯಾಂಟಿಗೆ ಗುಂಡಿ ಹಾಕಲು ಕೂತವಳಿಗೆ ಸೊಂಟಪಟ್ಟಿಯ ಒಳಗೆ ಪಿನ್ನು ಚುಚ್ಚಿತು. ಪಿನ್ನಿನಲ್ಲಿ ಹಳದಿ ಬಟ್ಟೆಯ ಸಣ್ಣ ಪಟ್ಟಿ, ಅದರ ಮೇಲೆ ನಂಬರು. ಬಟ್ಟೆ ಅದಲುಬದಲಾಗದಂತೆ ಲಾಂಡ್ರಿಯವರು ಸಿಕ್ಕಿಸುವ ಪಟ್ಟಿ ಅದು. ಅವಳ ಲಾಂಡ್ರಿಯದು ಹಸಿರು. ಹಳದಿ ಪಟ್ಟಿ ಹಾಕುವವರು ಬಸ್ ನಿಲ್ದಾಣದ ಹಿಂದಿನ ಬೀದಿಯವರು.

ಅಡುಗೆಯವಳ ಗಂಡ ಪಕ್ಕದ ಬೀದಿಯ ಹೋಟೆಲಿನಲ್ಲಿ ಕದ್ದು ಉಂಡ ಹಾಗಾಯಿತಲ್ಲ! ಊರಿನವರ ಕೊಳೆಯೆಲ್ಲ ನಾನು ತೊಳೆಯಬೇಕು, ನನ್ನ ಗಂಡನ ಬಟ್ಟೆಗೆ ಮಾತ್ರ ಇನ್ಯಾರೋ ಕೈ ಹಾಕಬೇಕು. ಏನಿದೆ ಆ ಬಟ್ಟೆಯಲ್ಲಿ, ನನಗೆ ತೋರಿಸಬಾರದ್ದು?

ಏನಿದೆ ಎನ್ನುವುದು ನಾಲ್ಕೇ ದಿನದಲ್ಲಿ ಗೊತ್ತಾಯಿತು, ಅಥವಾ ಗೊತ್ತಾಯಿತು ಎಂದು ಅವಳು ತಿಳಿದಳು. ವಯರುಗಳನ್ನು ತುಂಬುವ ಅವನ ದೊಡ್ಡ ಚೀಲದ ತಳದಲ್ಲಿ ತಿಳಿ ಬೂದು ಬಣ್ಣದ ಪ್ಯಾಂಟು ಮುದುಡಿ ಕೂತಿತ್ತು. ಮುಂಭಾಗದಲ್ಲಿ, ಜಿಪ್ಪಿನ ಪಕ್ಕದಲ್ಲೇ, ಹೆಬ್ಬೆರಳಗಲದ ತಿಳಿಗೆಂಪು ಗುರುತು. ಪ್ಯಾಂಟಿನ ತುಂಬ ಸೆಂಟು. ಅವಳು ಬೆಳಕಿಗೆ ಹಿಡಿದಳು. ಹದಿನೆಂಟು ವರ್ಷದ ಕಣ್ಣು ಒಂದೇ ಕ್ಷಣದಲ್ಲಿ ತೀರ್ಪು ಕೊಟ್ಟಿತು. ಲಿಪ್‌ಸ್ಟಿಕ್ಕು.

ಮರುದಿನ ಬೆಳಿಗ್ಗೆ ಮೇಜಿನ ಮೇಲೆ ಪ್ಯಾಂಟು ಹಾಸಿ ಸ್ಪಿರಿಟ್ ಬಾಟಲಿ ಎತ್ತಿದಳು. ಲಿಪ್‌ಸ್ಟಿಕ್ಕಿಗೆ ಸ್ಪಿರಿಟ್ಟು, ಅದು ಮಕ್ಕಳಿಗೂ ಗೊತ್ತು. ಉಜ್ಜಿದಳು. ಹೋಗಲಿಲ್ಲ. ಇನ್ನಷ್ಟು ಸುರಿದು ಉಜ್ಜಿದಳು. ತಿಳಿಗೆಂಪು ಹೋಗಿ ಕಂದುಬಣ್ಣವಾಯಿತು. ಮೂರನೇ ಸಲಕ್ಕೆ ಬಟ್ಟೆಯ ಎಳೆಎಳೆಗೂ ಕಚ್ಚಿಕೊಂಡು ಕೂತಿತು.

ಆಚೆ ಇಸ್ತ್ರಿ ಹೊಡೆಯುತ್ತಿದ್ದ ಮುದುಕ ಇಣುಕಿ ನೋಡಿದ. ಅವನನ್ನು ಎಲ್ಲರೂ ಇಸ್ತ್ರಿ ಮಾವ ಅನ್ನುತ್ತಿದ್ದರು.

"ಏನು ತಾಯಿ, ಕಲೆ ಮೇಲೆ ಇಷ್ಟು ಸಿಟ್ಟು? ತಣ್ಣೀರು ಹಾಕಿದ್ಯಾ?"

"ನನಗೆ ಹೇಳಿಕೊಡ್ತೀರಾ ಮಾವ? ಇದು ತುಟಿಯ ಬಣ್ಣ."

"ಆ ಜಾಗದಲ್ಲಾ?" ಮುದುಕ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕ. ಅವಳ ಮುಖ ನೋಡಿದ ಮೇಲೆ ನಗು ನುಂಗಿಕೊಂಡ. "ಯಾರದಮ್ಮಾ ಪ್ಯಾಂಟು?"

"ಗಿರಾಕಿದು."

"ಗಿರಾಕಿನ ಕೇಳಿದ್ಯಾ?"

ಅವಳು ಪ್ಯಾಂಟನ್ನು ಚೀಲಕ್ಕೆ ತುರುಕಿ, ಉಳಿದ ಕೆಲಸ ಅಲ್ಲಿಗೇ ಬಿಟ್ಟು ಮನೆಗೆ ನಡೆದಳು.

ಅವನು ಊಟದ ಮೇಜಿನ ಮುಂದೆ ಕೂತಿದ್ದ. ತಟ್ಟೆಯಲ್ಲಿದ್ದದ್ದು ತಟ್ಟೆಯಲ್ಲೇ ಇತ್ತು. ಆರು ತಿಂಗಳಲ್ಲಿ ಕೆನ್ನೆ ಒಳಗೆ ಹೋಗಿದ್ದನ್ನು ಅವಳು ನೋಡಿರಲಿಲ್ಲವೆಂದಲ್ಲ, ಪ್ರೀತಿಯ ಕೊರಗು ಎಂದುಕೊಂಡಿದ್ದಳು. ಅವಳು ಪ್ಯಾಂಟನ್ನು ಅವನ ತಟ್ಟೆಯ ಪಕ್ಕಕ್ಕೇ ಎಸೆದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಬಹುವಚನ ಬಿಟ್ಟಳು.

"ಯಾರವಳು? ಹೇಳು."

ಅವನು ಕಲೆಯನ್ನು ನೋಡಿದ. ಮುಖ ಬಿಳಿಚಿಕೊಂಡಿತು. "ಯಾರು?"

"ನಾಟಕ ಬೇಡ. ಈ ಲಿಪ್‌ಸ್ಟಿಕ್ಕು ಯಾರದು? ನೀನು ಬಾಯಿ ಬಿಡಲಿಲ್ಲ ಅಂದ್ರೆ ಭಾನುವಾರ ನಾನು ಅಕ್ಕನ ಮನೆಗೆ ಹೋಗ್ತೀನಿ, ಮತ್ತೆ ಈ ಹೊಸ್ತಿಲು ತುಳಿಯಲ್ಲ."

ಅವನು ಕಲೆಯನ್ನೂ ಅವಳನ್ನೂ ಬಹಳ ಹೊತ್ತು ನೋಡಿದ. ಅವನ ಮುಖದಲ್ಲಿ ಬಂದದ್ದು ಅವಳಿಗೆ ಅವತ್ತು ಅರ್ಥವಾಗಲಿಲ್ಲ. ಸಿಕ್ಕಿಬಿದ್ದವನ ಹೆದರಿಕೆಯಲ್ಲ, ಬಚಾವಾದವನ ಉಸಿರು.

"ಇದ್ದಾಳೆ" ಎಂದ ಅವನು. "ಹೌದು. ಒಬ್ಬಳಿದ್ದಾಳೆ."

ಅಷ್ಟು ಹೇಳಿ ಎದ್ದು ಬಚ್ಚಲಿಗೆ ಹೋದ. ನಲ್ಲಿ ಶುರುವಾಯಿತು.

ಅಯ್ಯೋ, ಎಂಟು ತಿಂಗಳಿಂದ ಆ ಮಾತನ್ನು ಅವನ ಬಾಯಿಂದ ಕಿತ್ತುಕೊಳ್ಳಬೇಕೆಂದು ಕಾದವಳು ಅವಳು. ಈಗ ಅದು ಕೈಗೆ ಬಂದರೆ ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಸುಳ್ಳಾದರೂ ಹೇಳಬಾರದಿತ್ತೇ ಎನ್ನಿಸಿತು. ಪೆಟ್ಟಿಗೆಗೆ ನಾಲ್ಕು ಜೊತೆ ಬಟ್ಟೆ ತುಂಬಿದಳು. ತುಂಬುತ್ತಾ ತುಂಬುತ್ತಾ ಒಂದು ಆಸೆ ಮೊಳೆಯಿತು, ಹೊಟ್ಟೆಕಿಚ್ಚಿನವರಿಗೆ ಮಾತ್ರ ಹುಟ್ಟುವ ಆಸೆ. ಹೋಗುವ ಮೊದಲು ಅವಳನ್ನು ಒಂದು ಸಲ ನೋಡಬೇಕು. ನನಗಿಂತ ಬೆಳ್ಳಗಿದ್ದಾಳೋ, ತೆಳ್ಳಗಿದ್ದಾಳೋ, ನೋಡಿಯೇ ಹೋಗಬೇಕು. ಅವನ ಬಟ್ಟೆ ಹೋಗುವ ದಾರಿ ಹಿಡಿದರೆ ಅವಳು ಸಿಗದೆ ಎಲ್ಲಿ ಹೋಗುತ್ತಾಳೆ?

ಶನಿವಾರ ಮಧ್ಯಾಹ್ನ ಬೂದು ಪ್ಯಾಂಟನ್ನು ಕೈಚೀಲಕ್ಕೆ ಹಾಕಿಕೊಂಡು ಬಸ್ ನಿಲ್ದಾಣದ ಹಿಂದಿನ ಬೀದಿಗೆ ಹೋದಳು. ಒಳ್ಳೆಯ ಬಟ್ಟೆ ಉಟ್ಟಿದ್ದಳು, ತಲೆ ಬಾಚಿದ್ದಳು. ಯುದ್ಧಕ್ಕೆ ಹೋಗುವವರು ಸಿಂಗರಿಸಿಕೊಂಡೇ ಹೋಗುವುದು. ಲಾಂಡ್ರಿ ಎಂದರೆ ಒಂದೇ ಕೋಣೆ. ಕಟ್ಟೆಯ ಹಿಂದೆ ಅರವತ್ತೈದು ದಾಟಿದ ಹೆಂಗಸೊಬ್ಬಳು ಹಳದಿ ಪಟ್ಟಿಗಳಿಗೆ ಪಿನ್ನು ಸಿಕ್ಕಿಸುತ್ತಾ ಕೂತಿದ್ದಳು. ದಪ್ಪ ಕನ್ನಡಕ, ಊದಿದ ಮೊಣಕಾಲು, ಬ್ಲೀಚು ತಿಂದ ಬೆರಳು. ಒಳಗೆ ಬೇರೆ ಯಾರಿದ್ದಾರೆಂದು ಕಲೆಯಕ್ಕ ಕತ್ತು ಚಾಚಿ ನೋಡಿದಳು. ಯಾರೂ ಇರಲಿಲ್ಲ.

"ಇಲ್ಲಿ ಇನ್ಯಾರು ಕೆಲಸ ಮಾಡ್ತಾರೆ?"

"ನಾನೇ ಯಜಮಾನಿ, ನಾನೇ ಆಳು. ಏನಾಗಬೇಕಿತ್ತು?"

ಅವಳು ಪ್ಯಾಂಟನ್ನು ಕಟ್ಟೆಯ ಮೇಲೆ ಹರಡಿದಳು. ಮುದುಕಿ ಕನ್ನಡಕ ಮೇಲೆತ್ತಿ ಬಗ್ಗಿದಳು. ಉಗುರಿನಿಂದ ಕಲೆಯ ಅಂಚು ಕೆರೆದಳು, ಮೂಗಿಗೆ ಹಿಡಿದಳು.

"ಯಾವ ಪಾಪಿ ಇದಕ್ಕೆ ಸ್ಪಿರಿಟ್ಟು ಸುರಿದದ್ದು?"

ಕಲೆಯಕ್ಕ ತನ್ನ ಕೈಯನ್ನು ಕಟ್ಟೆಯ ಕೆಳಕ್ಕೆ ಸರಿಸಿದಳು.

"ರಕ್ತ ಕಣಮ್ಮ ಇದು. ತಣ್ಣೀರಿನ ಕಲೆ. ತಣ್ಣೀರಲ್ಲಿ ಅರ್ಧ ಗಂಟೆ ನೆನೆಸಿದ್ರೆ ಹೋಗ್ತಿತ್ತು. ಸ್ಪಿರಿಟ್ಟು ಹಾಕಿದ್ರೆ ರಕ್ತ ಬೆಂದ ಹಾಗೆ ಗಟ್ಟಿಯಾಗಿಬಿಡುತ್ತೆ, ಇನ್ನು ಸಾಯೋವರೆಗೂ ಹೋಗಲ್ಲ." ಆಮೇಲೆ ಪ್ಯಾಂಟಿನ ಸೊಂಟಪಟ್ಟಿ ತಿರುವಿ, ಹಳೆಯ ಪಿನ್ನಿನ ತೂತು ನೋಡಿ, ತಲೆಯೆತ್ತಿದಳು. ದನಿ ಇಳಿಯಿತು. "ಲೈಟಿನವರ ಮನೆಯವರಾ ನೀವು?"

ರಕ್ತ. ಕಲೆಯಕ್ಕ ಬಟ್ಟೆಯನ್ನು ತನ್ನ ಕಡೆ ಎಳೆದುಕೊಂಡು ನೋಡಿದಳು. ಹೌದು, ರಕ್ತ. ನೀರು ಬೆರೆತ ರಕ್ತ. ಅಂಚಿನ ಸುತ್ತ ಹಳದಿ ಬಳೆ. ಇಂಥದ್ದನ್ನು ಸಾವಿರ ಸಲ ನೋಡಿದ ಕಣ್ಣು ಅವಳದು.

"ಎಲ್ಲಿಯ ರಕ್ತ?"

"ಅವರು ನಿಮಗೆ ಹೇಳಿಲ್ವಾ?" ಮುದುಕಿ ಸ್ಟೂಲು ಮುಂದೆ ತಳ್ಳಿದಳು. "ಕೂತ್ಕೊಳ್ಳಿ. ಮೊದಲ ಸಲ ತಂದಾಗ ಚಹಾ ಚೆಲ್ಲಿತು ಅಂದ್ರು. ಎರಡನೇ ಸಲ ಪೇಂಟು ಅಂದ್ರು. ನಾನೂ ಮೂವತ್ತು ವರ್ಷ ಇದೇ ಕೆಲಸ ಮಾಡಿದವಳು, ಚಹಾ ಯಾವುದು ಉಚ್ಚೆ ಯಾವುದು ಗೊತ್ತಾಗಲ್ವಾ? ಆರನೇ ಸಲಕ್ಕೆ ಬಾಗಿಲು ಎಳೆದು ಕೇಳಿದೆ. ಏನಪ್ಪಾ, ಉಚ್ಚೆಯಲ್ಲಿ ರಕ್ತ ಹೋಗ್ತಿದ್ಯಲ್ಲ, ಡಾಕ್ಟರಿಗೆ ತೋರಿಸಿದ್ಯಾ ಅಂತ. ಇಲ್ಲೇ, ಈ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ರು. ಅದೇನೋ ಪುಡಿಯಂತೆ. ಪಾರ್ಟಿಗಳಲ್ಲಿ ಮೂಗಿಗೆ ಏರಿಸೋದಂತೆ. ಹೆಂಡ್ತಿಗೆ ಹೇಳು ಅಂದೆ. ಅವಳಿಗೊಬ್ಬಳಿಗೆ ಮಾತ್ರ ಬೇಡ ಅಂದ್ರು. ಅವಳು ದಿನಾ ಊರಿನವರ ಕೊಳೆ ನೋಡ್ತಾಳೆ, ನನ್ನದನ್ನೂ ನೋಡೋದು ಬೇಡ ಅಂದ್ರು."

ಕಲೆಯಕ್ಕ ಸ್ಟೂಲಿನ ಮೇಲೆ ಕೂತಳು. ಗಂಡನಿಗೆ ಕಾಯಿಲೆ ಎಂದು ಕೇಳಿದ ಹೆಂಡತಿಯ ಎದೆ ಒಡೆಯಬೇಕು. ಒಡೆಯಿತು, ಸುಳ್ಳಲ್ಲ. ಆದರೆ ಅದಕ್ಕೂ ಒಂದು ಗಳಿಗೆ ಮೊದಲು ಹೊಟ್ಟೆ ಉರಿಯಿತು. ನನ್ನೆದುರು ಅವನು ಒಂದು ದಿನವೂ ಅತ್ತಿಲ್ಲ. ತಾಯಿ ಸತ್ತಾಗಲೂ ಅತ್ತಿಲ್ಲ. ಅತ್ತದ್ದು ಈ ಮುದುಕಿಯ ಸ್ಟೂಲಿನ ಮೇಲೆ! ಬೆಳ್ಳಗಿನ, ತೆಳ್ಳಗಿನ ಹುಡುಗಿಯಾಗಿದ್ದರೆ ಕೂದಲು ಹಿಡಿದು ಎಳೆಯಬಹುದಿತ್ತು. ಈ ಊದಿದ ಮೊಣಕಾಲಿನವಳನ್ನು ಏನು ಮಾಡುವುದು? ಅದೂ ಸಾಲದು ಅಂತ ಇವಳು ಕಲೆಯನ್ನು ಸರಿಯಾಗಿ ಓದಿದ್ದಳು.

"ಸ್ಪಿರಿಟ್ಟು ಹಾಕಿದ್ದು ನಾನೇ" ಎಂದಳು ಕೊನೆಗೆ.

"ಗೊತ್ತಾಯ್ತು ಬಿಡಿ" ಎಂದಳು ಮುದುಕಿ. "ಮನೆಗೆ ಹೋಗಿ."

ಮನೆಯಲ್ಲಿ ಬಚ್ಚಲಿನ ಬಾಗಿಲು ಮುಚ್ಚಿತ್ತು. ನಲ್ಲಿ ಸುರಿಯುತ್ತಿತ್ತು. ಎಂಟು ತಿಂಗಳು ಆ ನಲ್ಲಿಯ ಸದ್ದನ್ನು ಇನ್ನೊಬ್ಬಳ ಜೊತೆಗಿನ ಮಾತನ್ನು ಮುಚ್ಚುವ ಸದ್ದು ಎಂದೇ ಕೇಳಿದ್ದಳು. ಈಗ ಕಿವಿಯಿಟ್ಟು ಕೇಳಿದಳು. ನೀರಿನ ಕೆಳಗೆ ಹಲ್ಲು ಕಚ್ಚಿಕೊಂಡ ನರಳಾಟವಿತ್ತು. ಅವಳು ಬಾಗಿಲ ಹೊರಗೆ ನೆಲದ ಮೇಲೆ ಕೂತಳು.

"ರೀ. ನಲ್ಲಿ ನಿಲ್ಲಿಸಿ. ನಾನು ಹಳದಿ ಪಟ್ಟಿಯವಳ ಹತ್ರ ಹೋಗಿದ್ದೆ."

ನಲ್ಲಿ ನಿಂತಿತು.

"ಬಾಗಿಲು ತೆಗೀಬೇಡ" ಎಂದ ಅವನು ಒಳಗಿಂದ. "ಇಲ್ಲಿಂದಲೇ ಹೇಳ್ತೀನಿ."

ಮುಚ್ಚಿದ ಬಾಗಿಲಿಗೆ ಹೇಳಿದ. ಮೂರು ವರ್ಷದ ಹಿಂದೆ ಪಾರ್ಟಿಯೊಂದರಲ್ಲಿ ಹಾಡು ಹಾಕುವವನು ಒಂದು ಚಿಟಿಕೆ ಕೊಟ್ಟನಂತೆ. ಕೆಟಮಿನ್ ಅಂತ, ಆಪರೇಷನ್ ಮಾಡುವಾಗ ಪ್ರಜ್ಞೆ ತಪ್ಪಿಸಲು ಕೊಡುವ ಮದ್ದು. ತಲೆ ಹಗುರವಾಗಿ, ಮೈ ತನ್ನದಲ್ಲವೆನ್ನಿಸಿ, ಬೆನ್ನುನೋವು ಮಂಗಮಾಯ. ಮೊದಲು ತಿಂಗಳಿಗೊಮ್ಮೆ, ಆಮೇಲೆ ವಾರಕ್ಕೆರಡು, ಆಮೇಲೆ ದಿನಾ. ಹೋದ ವರ್ಷದಿಂದ ಉಚ್ಚೆ ಹೊಯ್ಯುವಾಗ ಗಾಜಿನ ಚೂರು ಹೋದ ಹಾಗೆ. ಹತ್ತು ನಿಮಿಷ ತಡೆಯೋಕಾಗಲ್ಲ. ವೇದಿಕೆ ಮೇಲಿನ ಏಣಿ ಇಳಿಯೋದ್ರೊಳಗೆ ಬಟ್ಟೆ ಒದ್ದೆ.

"ನೋವಾದ್ರೆ ಬಿಡಬೇಕಿತ್ತಲ್ಲ!"

"ನೋವು ಹೋಗೋದು ಅದನ್ನ ತಗೊಂಡ್ರೆ ಮಾತ್ರ ಕಣೇ. ತಗೊಂಡ್ರೆ ಎರಡು ಗಂಟೆ ಸುಮ್ಮನಾಗುತ್ತೆ, ಆಮೇಲೆ ಎರಡರಷ್ಟಾಗಿ ಬರುತ್ತೆ. ಆ ಇನ್ನೊಂದು ವಿಷಯವೂ... ಅದೂ ಸತ್ತೇ ಹೋಯ್ತು. ಆಸೆಯೂ ಇಲ್ಲ, ಶಕ್ತಿಯೂ ಇಲ್ಲ. ನೀನು ಹತ್ರ ಬಂದಾಗ ಗೋಡೆಯೊಳಗೆ ಹೋಗಿಬಿಡೋಣ ಅನ್ನಿಸ್ತಿತ್ತು."

"ಮತ್ತೆ ಒಬ್ಬಳಿದ್ದಾಳೆ ಅಂದ್ರಲ್ಲ?"

"ಲಿಪ್‌ಸ್ಟಿಕ್ಕು ಅಂದ್ಯಲ್ಲ ನೀನು. ಹಾಗೇ ಇರ್ಲಿ ಅನ್ನಿಸ್ತು. ಪ್ಯಾಂಟಲ್ಲೇ ಉಚ್ಚೆ ಹೊಯ್ಕೊಳ್ಳೋ ಗಂಡಸಿಗಿಂತ ಕಳ್ಳ ಗಂಡ ವಾಸಿ."

ಹೊರಗೆ ಅವಳು ಸೆರಗೋ ಕರವಸ್ತ್ರವೋ ಕೈಗೆ ಸಿಕ್ಕಿದ್ದನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಆಮೇಲೆ, ಸ್ವಭಾವ ಎಲ್ಲಿ ಹೋಗುತ್ತೆ, ಬಾಗಿಲಿಗೆ ಒಂದು ಗುದ್ದು ಕೊಟ್ಟು ಕಿರುಚಿದಳು: "ಆ ಮುದುಕಿಗೆ ಎಂದೋ ಹೇಳಿದ್ದನ್ನ ನನಗೆ ಇವತ್ತು ಹೇಳ್ತೀಯಾ!"

ಭಾನುವಾರ ಪೆಟ್ಟಿಗೆ ಅಲ್ಲೇ ಇತ್ತು. ಅವಳು ಅದನ್ನು ಬಿಚ್ಚಿಯೂ ಇಡಲಿಲ್ಲ. "ಸೋಮವಾರ ಆಸ್ಪತ್ರೆಗೆ ಬಂದ್ರೆ ಬಿಚ್ತೀನಿ, ಇಲ್ಲಾಂದ್ರೆ ಎತ್ಕೊಂಡು ಹೋಗ್ತೀನಿ" ಎಂದಳು. ಅವನು ಬಂದ. ದಾರಿಯಲ್ಲಿ ಮೂರು ಕಡೆ ನಿಂತು ಬಂದ.

ಡಾಕ್ಟರು ಹೆಂಗಸು. ಅದೂ ಲಕ್ಷಣವಾಗಿದ್ದಳು. ಕಲೆಯಕ್ಕ ಕುರ್ಚಿಯನ್ನು ಗಂಡನ ಪಕ್ಕಕ್ಕೆ ಇನ್ನೊಂದು ಗೇಣು ಎಳೆದುಕೊಂಡಳು. ಸ್ಕ್ಯಾನು, ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಮೇಜಿನ ಮೇಲಿನ ಲೋಟ ತೋರಿಸಿ ಹೇಳಿದಳು. "ಒಳ್ಳೆ ಮೂತ್ರಚೀಲ ಇಂಥ ಎರಡು ಲೋಟ ಹಿಡಿಯುತ್ತೆ. ಇವರದ್ದು ಈಗ ಕಾಲು ಲೋಟ. ಒಳಗಿನ ಪದರ ಸುಟ್ಟ ಹಾಗೆ ಹುಣ್ಣಾಗಿದೆ, ಚೀಲ ಕುಗ್ಗಿದೆ. ಇವತ್ತಿಗೆ ನಿಲ್ಲಿಸಿದ್ರೆ ನೋವು, ರಕ್ತ ಕಡಿಮೆಯಾಗೋ ಸಾಧ್ಯತೆ ಇದೆ, ಚೀಲವೂ ಸ್ವಲ್ಪ ಚೇತರಿಸಿಕೊಳ್ಳಬಹುದು. ಪೂರ್ತಿ ಮೊದಲಿನ ಹಾಗಾಗುತ್ತೆ ಅಂತ ಮಾತು ಕೊಡಲ್ಲ. ನಿಲ್ಲಿಸದೇ ಇದ್ರೆ ಕಿಡ್ನಿಗೂ ಹೋಗುತ್ತೆ, ಚೀಲ ತೆಗೆಯೋ ಆಪರೇಷನ್ನಿಗೂ ಬರಬಹುದು."

"ಮತ್ತೆ... ಗಂಡ ಹೆಂಡ್ತಿ ಅಂತ..." ಕಲೆಯಕ್ಕ ನೆಲ ನೋಡಿಕೊಂಡು ಕೇಳಿದಳು.

"ಅದಕ್ಕೂ ಆ ಪುಡಿಯೇ ಕಾರಣ ಇರಬಹುದು. ನೋವು, ನಾಚಿಕೆನೂ ಸೇರಿರುತ್ತೆ. ಬಿಟ್ಟ ಮೇಲೆ ತುಂಬ ಜನರಿಗೆ ಸುಧಾರಿಸುತ್ತೆ, ಆದ್ರೆ ನಿಧಾನ. ನೋವಿಗೆ ಬೇರೆ ಔಷಧಿ ಕೊಡ್ತೀನಿ. ಚಟ ಬಿಡಿಸೋರ ಹತ್ರಾನೂ ಹೋಗಬೇಕು. ಒಬ್ಬರೇ ಬಿಡೋದು ಕಷ್ಟ."

ಆ ದಿನ ಪೆಟ್ಟಿಗೆ ಬಿಚ್ಚಿದಳು. ಬಿಚ್ಚಿದ ಮೇಲೆ ಶುರುವಾಯಿತು ಹೊಸ ಪಹರೆ. ಕಾಣದ ಹುಡುಗಿಯ ಮೇಲಿದ್ದ ಹೊಟ್ಟೆಕಿಚ್ಚೆಲ್ಲ ಪುಡಿಯ ಮೇಲೆ ತಿರುಗಿತು. ಮೂರು ವರ್ಷ ಅವನು ಇದರ ಹಿಂದೆ ಬಿದ್ದಿದ್ದಾನೆ, ನನ್ನ ಹಿಂದೆ ಮೂರು ತಿಂಗಳೂ ಬಿದ್ದಿರಲಿಲ್ಲ! ಜೇಬು ತಡಕಿದಳು, ವಯರಿನ ಚೀಲ ಸುರುವಿ ನೋಡಿದಳು. ಕುಣಿತದ ಪಾರ್ಟಿಗಳನ್ನು ಬಿಡಿಸಿ ಶಾಲೆಯ ಸಮಾರಂಭಗಳಿಗೆ ಹಚ್ಚಿದಳು. ಅವನು ಬೆವರಿದ, ನಡುಗಿದ, ಗೋಡೆಗೆ ತಲೆ ಚಚ್ಚಿಕೊಂಡ, ಅವಳನ್ನು ಪೊಲೀಸಿನವಳೇ ಎಂದು ಬೈದ. ಆರನೇ ವಾರ ಒಂದು ಸಲ ಜಾರಿದ. ಅವಳ ತಪಾಸಣೆಯಲ್ಲಿ ಅದು ಸಿಕ್ಕಲಿಲ್ಲ. ಹಾಗಾದರೆ ಇಂಥದ್ದು ಮೊದಲೂ ಎಷ್ಟು ಸಲ ಆಗಿತ್ತೋ ಎಂದು ತಿಳಿಯುವ ದಾರಿ ಅವಳಿಗೆ ಇರಲಿಲ್ಲ. ಈ ಒಂದು ಸಲದ್ದು ತಿಳಿದದ್ದು ಹೇಗೆಂದರೆ, ಹೀಗೆ.

ಆರನೇ ವಾರದ ಮಂಗಳವಾರ. ಲಾಂಡ್ರಿಯಲ್ಲಿ ಜನ ಸಾಲು ಹಚ್ಚಿದ್ದರು. ಮುಂದಿನ ಕಟ್ಟೆಯಲ್ಲಿ ಕೂರುವ ಹುಡುಗಿ ರಜೆ ಹಾಕಿದ್ದರಿಂದ ಕಲೆಯಕ್ಕನೇ ಕಟ್ಟೆಗೆ ಬಂದು ಬಟ್ಟೆ ತೆಗೆದುಕೊಳ್ಳುತ್ತಿದ್ದಳು. ಕೋಟಿನವನು, ಪರದೆಯವಳು, ಹಾಸಿಗೆ ಬಟ್ಟೆಯವಳು. ತಲೆಯೆತ್ತದೆ ಕೇಳುತ್ತಿದ್ದಳು, "ಏನು ಕಲೆ? ಯಾವಾಗ ಆಯ್ತು?" ನಾಲ್ಕನೆಯವರು ಕಾಗದದಲ್ಲಿ ಸುತ್ತಿದ ಪ್ಯಾಂಟನ್ನು ಕಟ್ಟೆಯ ಮೇಲಿಟ್ಟರು. ತಿಳಿ ಬಣ್ಣದ್ದು.

"ಏನು ಕಲೆ?"

ಕಾಗದದ ಮೇಲಿದ್ದ ಬೆರಳು ಗುರುತಿನದು. ತಲೆಯೆತ್ತಿದರೆ ಅವನು. ಅವನ ಹಿಂದೆ ಐದು ಜನ. ಇಸ್ತ್ರಿ ಮಾವ ಇಸ್ತ್ರಿ ಪೆಟ್ಟಿಗೆ ಎತ್ತಿ ಹಿಡಿದವನು ಹಾಗೇ ನಿಂತ.

ಅವಳಿಗೆ ಗೊತ್ತಿತ್ತು, ಅವನು ಆ ಬಟ್ಟೆಯನ್ನು ಬಸ್ ನಿಲ್ದಾಣದ ಹಿಂದಕ್ಕೆ ಒಯ್ಯಬಹುದಿತ್ತು. ಅಲ್ಲಿ ಸ್ಟೂಲಿತ್ತು, ಎಳೆದುಕೊಳ್ಳಲು ಬಾಗಿಲಿತ್ತು, ತಣ್ಣೀರಿತ್ತು. ಅವಳು ಪ್ಯಾಂಟು ಬಿಚ್ಚಲಿಲ್ಲ, ಬೆಳಕಿಗೆ ಹಿಡಿಯಲಿಲ್ಲ. ಹದಿನೆಂಟು ವರ್ಷ ಎಲ್ಲರನ್ನೂ ಕೇಳಿ, ಇವನೊಬ್ಬನನ್ನು ಮಾತ್ರ ಕೇಳದೇ ಬಿಟ್ಟ ಮಾತನ್ನು ಇನ್ನೊಮ್ಮೆ ಕೇಳಿದಳು.

"ಏನು ಕಲೆ? ಯಾವಾಗ ಆಯ್ತು?"

"ಉಚ್ಚೆ. ಸ್ವಲ್ಪ ರಕ್ತವೂ ಇದೆ" ಎಂದ ಅವನು. ಹಿಂದಿದ್ದವರಿಗೂ ಕೇಳಿಸಿತು. ಅವನ ಕಿವಿ ಕೆಂಪಾಯಿತು, ಆದರೆ ದನಿ ಇಳಿಯಲಿಲ್ಲ. "ನಿನ್ನೆ ಸಂಜೆದು. ನಿನ್ನೆ ಮಧ್ಯಾಹ್ನ ಒಂದು ಸಲ ತಗೊಂಡೆ. ಮುಚ್ಚಿಡೋಣ ಅಂದ್ಕೊಂಡಿದ್ದೆ."

ಸಾಲಿನಲ್ಲಿ ಯಾರೋ ಕೆಮ್ಮಿದರು. ಕಲೆಯಕ್ಕನಿಗೆ ಬೈಗುಳ ನಾಲಿಗೆಯ ತುದಿಗೆ ಬಂತು, ಕಣ್ಣೀರೂ ಬಂತು. ಎರಡನ್ನೂ ನುಂಗಿದಳು. ಹಸಿರು ಪಟ್ಟಿಯೊಂದನ್ನು ತೆಗೆದು ನಂಬರು ಬರೆದು, ಸೊಂಟಪಟ್ಟಿಗೆ ಪಿನ್ನು ಸಿಕ್ಕಿಸಿದಳು.

"ಆ ಹಳದಿ ಪಟ್ಟಿಯವಳ ಹತ್ರ ಮೊದಲು ಹೋಗಿದ್ಯಾ?"

"ಇಲ್ಲ. ಸೀದಾ ಇಲ್ಲಿಗೇ ಬಂದೆ."

"ಹ್ಞೂಂ" ಎಂದಳು. ಪ್ಯಾಂಟನ್ನು ಎದೆಗವಚಿಕೊಂಡು ಹಿಂದಿನ ಕೋಣೆಗೆ ಹೋಗಿ, ಕಲ್ಲಿನ ಮೇಜಿನ ಮೇಲೆ ಹಾಸಿ, ತಣ್ಣೀರಿನ ನಲ್ಲಿ ತಿರುಗಿಸಿದಳು. ಸಾಲಿನಲ್ಲಿದ್ದ ಐದು ಜನ ಕಲೆ ನೆನೆಯುವ ಆ ಅರ್ಧ ಗಂಟೆ ಕಾದರು.